ದಿಂಬಿಗೆ ಏನು ಅವಸರ

ಜನವರಿ 4, ಶನಿವಾರ

ಮಧ್ಯಾಹ್ನ ಪ್ರಿನ್ಸಿಪಾಲ್ ಚಂದ್ರಶೇಖರ್ ಸರ್ ನರ್ಸಿಂಗ್ ಸ್ಕೂಲಿನ ಎಲ್ಲ ಟ್ಯೂಟರ್‌ಗಳನ್ನು ಕರೆದು ಹೊಸ ತರಬೇತಿಯ ವಿಷಯ ತಿಳಿಸಿದರು. ಮುಂದಿನ ಶನಿವಾರದಿಂದ ನಾವೇ ವಿದ್ಯಾರ್ಥಿಗಳಾಗಬೇಕಂತೆ. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಿಂಗ್ ಮಕ್ಕಳಿಗೆ ಹೇಗೆ ಕಲಿಸಬೇಕೆಂಬುದನ್ನು ಮೊದಲು ಲ್ಯಾಬಿನಲ್ಲಿ ಅಭಿನಯಿಸಿ ಕಲಿಯುವುದು. ಒಬ್ಬರು ಟೀಚರ್, ಒಬ್ಬರು ಸ್ಟೂಡೆಂಟ್, ಮಂಚದ ಮೇಲೆ ರೋಗಿಯ ಬದಲು ಡಮ್ಮಿ. ಉಳಿದವರು ನೋಡಬೇಕು, ವಿಡಿಯೊ ಮಾಡಬೇಕು, ಆಮೇಲೆ ಎಲ್ಲರೂ ಕೂತು ಅದನ್ನು ನೋಡಿ ಮಾತಾಡಬೇಕು. ಸಿಮ್ಯುಲೇಷನ್ ಎಂದು ಅದರ ಹೆಸರು. ನಡೆಸುವವರು ನೀಲಾಂಬಿಕ. ದಾವಣಗೆರೆಯಲ್ಲಿ ಎಂ.ಎಸ್ಸಿ. ಮುಗಿಸಿ ಹೋದ ಜೂನ್‌ನಲ್ಲಿ ಸೇರಿದವರು, ನನಗಿಂತ ಬಹಳ ಚಿಕ್ಕವರು.

ಇಷ್ಟು ವರ್ಷ ವಾರ್ಡಿನಲ್ಲಿ ದುಡಿದು ಟ್ಯೂಟರ್ ಆದವಳು ಗೊಂಬೆಯ ಮುಂದೆ ನಿಂತು ಕಲಿಸುವುದನ್ನು ಕಲಿಯಬೇಕೆ ಎಂದು ಕೇಳಿಯೇಬಿಟ್ಟೆ.

"ಡಮ್ಮಿ ಎದುರು ತಪ್ಪಾದ್ರೆ ಯಾರಿಗೂ ನೋವಾಗಲ್ಲ ಹಮೀದಾ ಮೇಡಂ. ಅದಕ್ಕೇರೀ" ಎಂದರು ನೀಲಾಂಬಿಕ.

ಡಮ್ಮಿಯ ತೋಳು ಚುಚ್ಚಿ ಚುಚ್ಚಿ ಹರಿದುಹೋಗಿದೆ. ಹೊಸದು ತರಿಸಲು ತಿಂಗಳು ಬೇಕು. ನಮ್ಮ ಮನೆಯವರ ಗಾದಿ ಅಂಗಡಿಯಲ್ಲಿ ಹತ್ತಿ ತುಂಬಿ, ಮೇಲೆ ರೆಕ್ಸಿನ್ ಹೊಲಿದು ಒಂದು ದಿಂಬು ಮಾಡಿಸಿಕೊಡುತ್ತೇನೆಂದು ಒಪ್ಪಿಕೊಂಡು ಬಂದೆ.

ಬೆಳಿಗ್ಗೆ ವಾರ್ಡಿನಲ್ಲಿ ಮೂರನೇ ವರ್ಷದ ಬಿಂದುಶ್ರೀಯಿಂದ ತಲೆನೋವು. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ಹುಡುಗಿ. ಒಬ್ಬ ಅಜ್ಜಿಗೆ ಇಂಜೆಕ್ಷನ್ ಕೊಡಬೇಕಿತ್ತು. ಟ್ರೇ ಇಟ್ಟುಕೊಂಡು ನಿಂತವಳು ನಿಂತೇ ಇದ್ದಳು. ತುಟಿ ಅಲುಗುತ್ತಿದೆ, ಎಡಗೈ ಹೆಬ್ಬೆರಳು ಒಂದೊಂದೇ ಬೆರಳನ್ನು ಮುಟ್ಟುತ್ತಿದೆ, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ. ಹಿಂದೆ ಇನ್ನೂ ಆರು ಮಂಚ ಕಾಯುತ್ತಿವೆ. "ಕೊಡು ಇಲ್ಲಿ" ಎಂದು ಸಿರಿಂಜ್ ತೆಗೆದುಕೊಂಡು ನಾನೇ ಕೊಟ್ಟೆ.

"ಆ ಹುಡುಗೀನೇ ಕೊಡ್ತಿತ್ತು ಬಿಡ್ರಿ ಅಮ್ಮ, ಮೆತ್ತಗೆ ಮಾತಾಡ್ತಿತ್ತು" ಎಂದಿತು ಅಜ್ಜಿ. ರೋಗಿಗಳಿಗೆ ಏನು ಗೊತ್ತು, ವಾರ್ಡಿನ ಸಮಯ.

ಜನವರಿ 11, ಶನಿವಾರ

ದಿಂಬು ಚೆನ್ನಾಗಿ ಬಂದಿದೆ. ಇವರು ಅದಕ್ಕೆ ಪಟ್ಟಿ ಹೊಲಿದು ತೋಳಿಗೆ ಕಟ್ಟುವ ಹಾಗೆ ಮಾಡಿದ್ದಾರೆ. "ಈ ಶಿಕಾರಿಪುರದಲ್ಲಿ ಮನುಷ್ಯನ ಕೈ ಹೊಲಿದ ಗಾದಿಯವನು ಕುತುಬುದ್ದೀನ್ ಒಬ್ಬನೇ, ಬೋರ್ಡಿನ ಮೇಲೆ ಬರೆಸ್ತೀನಿ" ಎಂದು ಬೆಳಿಗ್ಗೆಯಿಂದ ಹೇಳಿಕೊಂಡು ತಿರುಗಿದರು.

ಮೊದಲ ಸಿಮ್ಯುಲೇಷನ್ ಆಯಿತು. ನನ್ನ ಜೊತೆಯ ಟ್ಯೂಟರ್ ಯತೀಶ್‌ಗೆ ಟೀಚರ್ ಪಾತ್ರ, ನನಗೆ ಸ್ಟೂಡೆಂಟ್ ಪಾತ್ರ. ನೀಲಾಂಬಿಕ ಕೊಟ್ಟ ಸನ್ನಿವೇಶ ಇಷ್ಟೇ: ವಿದ್ಯಾರ್ಥಿನಿ ನಿಧಾನ, ಹೆದರಿದ್ದಾಳೆ, ಟೀಚರ್ ಏನು ಮಾಡಬೇಕು? ಉಳಿದದ್ದನ್ನು ನಾನು ಸೇರಿಸಿದೆ. ಟ್ರೇ ಹಿಡಿದು ಕಾಲು ಎಳೆದುಕೊಂಡು ಬಂದೆ. ತುಟಿ ಅಲುಗಿಸಿದೆ. ಹೆಬ್ಬೆರಳಿನಿಂದ ಬೆರಳು ಮುಟ್ಟುತ್ತಾ ಹೋದೆ, ಕಿರುಬೆರಳಿಗೆ ಬಂದವಳು ತಪ್ಪಿದ ಹಾಗೆ ಮಾಡಿ ಮತ್ತೆ ಮೊದಲಿನಿಂದ ಶುರು ಮಾಡಿದೆ. "ಹೌದು ಮೇಡಂ, ಮಾಡ್ತೀನಿ ಮೇಡಂ, ಮಾಡೇ ಬಿಟ್ಟೆ ಮೇಡಂ" ಎಂದು ಯತೀಶ್‌ಗೇ ಮೇಡಂ ಎಂದೆ. ಚಂದ್ರಶೇಖರ್ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ವಿಡಿಯೊ ಹಿಡಿದ ನೀಲಾಂಬಿಕ ನಕ್ಕು ನಕ್ಕು ಫೋನ್ ಅಲುಗಾಡಿಸಿಬಿಟ್ಟರು. ಹುಡುಗಿಯ ಹೆಸರನ್ನು ನಾನು ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ.

ಯತೀಶ್ ಕೊನೆಗೆ ತಾಳಲಾರದೆ ಸಿರಿಂಜ್ ಕಿತ್ತುಕೊಂಡರು. ನನ್ನ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡೇ ಇತ್ತು. ಅದನ್ನು ಎಲ್ಲಿಡಬೇಕೆಂದು ತೋಚದೆ ಏಪ್ರನ್‌ಗೆ ಒರೆಸಿಕೊಂಡೆ. ಅದಕ್ಕೂ ನಕ್ಕರು.

ಆಮೇಲೆ ಚರ್ಚೆ. ಸ್ಟೂಡೆಂಟ್ ಆಗಿ ನಿಂತಾಗ ಏನನ್ನಿಸಿತು ಎಂದು ನೀಲಾಂಬಿಕ ಕೇಳಿದರು. ಮಜಾ ಬಂತು ಎಂದೆ.

ಮನೆಯಲ್ಲಿ ಇವರಿಗೂ ಮಾಡಿ ತೋರಿಸಿದೆ. ನಮ್ಮ ಓಣಿಯ ಎಲ್ಲರನ್ನೂ ನಾನು ಮಾಡಿ ತೋರಿಸುವುದು ಇವರಿಗೆ ಗೊತ್ತಿರುವುದೇ. "ನೀನು ನರ್ಸ್ ಆಗಿ ನಾಟಕ ಕಂಪನಿಗೆ ನಷ್ಟ ಆಯ್ತು" ಎಂದರು.

ಜನವರಿ 15, ಬುಧವಾರ

ಒಂದು ಎಡವಟ್ಟಾಗಿದೆ.

ಲ್ಯಾಬಿನ ಟಿವಿಗೆ ಹಾಕುವ ಪೆನ್ ಡ್ರೈವ್ ಒಂದಿದೆ. ಬ್ಯಾಂಡೇಜ್ ಕಟ್ಟುವುದು, ಡ್ರಿಪ್ ಹಾಕುವುದು ಮುಂತಾದ ವಿಡಿಯೊಗಳು ಅದರಲ್ಲಿವೆ. ಶನಿವಾರದ ಚರ್ಚೆಗೆ ನಮ್ಮ ವಿಡಿಯೊವನ್ನೂ ನೀಲಾಂಬಿಕ ಅದರಲ್ಲೇ ಹಾಕಿದ್ದರು, ಅಳಿಸಲು ಮರೆತರು. ಇವತ್ತು ಮೂರನೇ ವರ್ಷದವರು ಲ್ಯಾಬಿನಲ್ಲಿ ತಾವಾಗಿಯೇ ಅಭ್ಯಾಸ ಮಾಡುತ್ತಿದ್ದಾಗ ಇಂಜೆಕ್ಷನ್ ವಿಡಿಯೊ ಎಂದುಕೊಂಡು ಅದನ್ನು ಹಚ್ಚಿದ್ದಾರೆ. ಇಡೀ ಕ್ಲಾಸು ನೋಡಿದೆ. ಬಿಂದುಶ್ರೀಯೂ ಇದ್ದಳು.

ನೀಲಾಂಬಿಕ ಸ್ಟಾಫ್ ರೂಮಿಗೆ ಬಂದು ನಿಂತುಕೊಂಡೇ ಹೇಳಿದರು. "ನನ್ನದೇ ತಪ್ಪು ಮೇಡಂ. ಈ ವಿಡಿಯೊ ನಮ್ಮ ಕೋಣೆ ಬಿಟ್ಟು ಹೊರಗೆ ಹೋಗಬಾರದು ಅಂತ ಪಾಠ ಮಾಡಿದವಳೇ ನಾನು."

ಹೌದು, ಅಳಿಸಬೇಕಿತ್ತು. ಮಕ್ಕಳು ನಾಲ್ಕು ದಿನ ನಗುತ್ತವೆ, ಮರೆಯುತ್ತವೆ ಎಂದು ಸಮಾಧಾನ ಹೇಳಿದೆ.

ಜನವರಿ 16, ಗುರುವಾರ

ಬಿಂದುಶ್ರೀ ವಾರ್ಡಿಗೆ ಬಂದಿಲ್ಲ. ಹೊಟ್ಟೆನೋವಂತೆ. ಟ್ಯೂಟರ್‌ಗಳ ಪೆನ್ ಡ್ರೈವ್ ಬೇರೆ, ಮಕ್ಕಳದು ಬೇರೆ ಇರಬೇಕೆಂದು ಸರ್‌ಗೆ ಹೇಳಿದೆ. ಒಪ್ಪಿದರು.

ಜನವರಿ 18, ಶನಿವಾರ

ಇವತ್ತು ನಾನು ಟೀಚರ್, ಯತೀಶ್ ಸ್ಟೂಡೆಂಟ್. ಯತೀಶ್ ನಟನೆಯನ್ನೇನೂ ಮಾಡಲಿಲ್ಲ. ಟ್ರೇ ಹಿಡಿದು ಬಂದರು, ಔಷಧಿ ಸಿರಿಂಜಿಗೆ ಎಳೆದುಕೊಂಡರು, ನಿಂತರು. ಚಪ್ಪಲಿ ಒತ್ತುತ್ತಿತ್ತೋ ಏನೋ, ಸುಮ್ಮನೆ ನಿಂತರು. ನಾನು ಸುಮಾರು ಹೊತ್ತು ಕಾದೆ. ಕಾದಿದ್ದೇನೆಂದೇ ನಾನು ಅಂದುಕೊಂಡಿದ್ದೆ. "ಕೊಡು ಇಲ್ಲಿ" ಎಂದು ಸಿರಿಂಜ್ ತೆಗೆದುಕೊಂಡು ದಿಂಬಿಗೆ ಚುಚ್ಚಿ ಮುಗಿಸಿದೆ.

ವಿಡಿಯೊದಲ್ಲಿ ನೋಡಿದರೆ ಕಾದಿದ್ದು ಏನೂ ಇಲ್ಲ. ಯತೀಶ್ ಉಸಿರು ಎಳೆದುಕೊಳ್ಳುವಷ್ಟರಲ್ಲಿ ನನ್ನ ಕೈ ಚೌಕಟ್ಟಿನೊಳಗೆ ಬರುತ್ತದೆ. ಮುಖ ಕಾಣುವುದಿಲ್ಲ, ಕೈ ಮಾತ್ರ.

"ಆ ಗಳಿಗೇಲಿ ನಿಮ್ಮ ಮನಸ್ಸಲ್ಲಿ ಏನಿತ್ತು ಮೇಡಂ?" ಎಂದು ನೀಲಾಂಬಿಕ ಕೇಳಿದರು.

"ತಡ ಆಗ್ತಿತ್ತು."

"ಆ ದಿಂಬಿಗೆ ಏನ್ರೀ ಅವಸರ? ಬಸ್ಸಿಗೆ ಹೋಗ್ಬೇಕಿತ್ತಾ?" ಎಂದರು ಯತೀಶ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ವಾರ್ಡಿನಲ್ಲಿ ಅವಸರ ಇರುತ್ತದೆ, ಲ್ಯಾಬಿನಲ್ಲಿ ಇರುವುದಿಲ್ಲ, ಈ ಪದ್ಧತಿಯ ಕೊರತೆಯೇ ಅದು ಎಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ. ಬಿಂದುಶ್ರೀ ಇನ್ನೂ ಬಂದಿಲ್ಲ.

ಜನವರಿ 21, ಮಂಗಳವಾರ

ಹುಡುಗಿ ಹಾಸ್ಟೆಲ್ ಬಿಟ್ಟು ಊರಿಗೆ ಹೋಗಿದ್ದಾಳೆ. ಟ್ರಂಕು, ಹಾಸಿಗೆ ಸಮೇತ. ಅವಳ ಫೋನ್ ಸ್ವಿಚ್ ಆಫ್. ತಾಯಿ ರಾಜೇಶ್ವರಮ್ಮನವರ ನಂಬರಿಗೆ ಮಾಡಿದೆ.

"ಏನಾಗಿದೆ ಅಂತ ನೀವೇ ಹೇಳ್ರೀ ಮೇಡಂ. ನಮ್ಮತ್ರ ಬಾಯಿ ಬಿಡ್ತಿಲ್ಲ. ನಂಗೆ ನರ್ಸ್ ಕೆಲ್ಸ ಬಗೆಹರಿಯಲ್ಲ ಅಂತಾಳೆ. ಮೂರು ವರ್ಷ ಓದಿ ಈಗ ಬಗೆಹರಿಯಲ್ಲ ಅಂದ್ರೆ ಹೆಂಗ್ರೀ? ಬೈದ್ರಾ ಯಾರಾದ್ರೂ?"

"ಬೈದಿಲ್ಲಮ್ಮ" ಎಂದೆ. ಅದು ನಿಜ.

"ಅವರ ದೊಡ್ಡಪ್ಪ ಆಗ್ಲೇ ಶುರು ಮಾಡಿದಾರೆ. ಈ ವರ್ಷ ಹೋಯ್ತು ಅಂದ್ರೆ ಮತ್ತೆ ಕಳ್ಸಲ್ಲ ಅಂತ."

ಫೆಬ್ರವರಿ ಮುಗಿಯುವುದರೊಳಗೆ ವಾರ್ಡಿನ ಗಂಟೆಗಳನ್ನು ಪೂರ್ತಿ ಮಾಡದಿದ್ದರೆ ಅವಳನ್ನು ಪರೀಕ್ಷೆಗೆ ಬಿಡುವುದಿಲ್ಲ. ಇದನ್ನು ರಾಜೇಶ್ವರಮ್ಮನವರಿಗೆ ಹೇಳಿದೆ. ಬೇರೆ ಏನನ್ನೂ ಹೇಳಲಿಲ್ಲ.

ಜನವರಿ 24, ಶುಕ್ರವಾರ

ಇವತ್ತಿನದನ್ನು ಕ್ರಮವಾಗಿ ಬರೆಯುತ್ತೇನೆ.

ಔಷಧಿ ಕೊಡುವ ಪಾಠವನ್ನು ಕಳೆದ ವರ್ಷ ಯತೀಶ್ ಮಾಡಿದ್ದರು. ಈ ವರ್ಷ ಮತ್ತೆ ನನಗೆ ಬಂದಿದೆ. ಮೊದಲ ವರ್ಷದವರ ಕ್ಲಾಸು. ಔಷಧಿ ಕೊಡುವ ಮುಂಚೆ ನೋಡಬೇಕಾದ ಐದು ಸಂಗತಿ: ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಬಾಯಿಗೋ ಸೂಜಿಗೋ ಎಂಬ ಸರಿಯಾದ ದಾರಿ, ಸರಿಯಾದ ಸಮಯ. ಬರೀ ಹೇಳಿದರೆ ನೆನಪಿರುವುದಿಲ್ಲ. ನನ್ನದೊಂದು ಉಪಾಯವಿದೆ, ಮೊದಲಿನಿಂದಲೂ ಹಾಗೇ ಕಲಿಸುತ್ತಾ ಬಂದಿದ್ದೇನೆ. ಎಡಗೈ ಎತ್ತಿ, ಒಂದೊಂದನ್ನು ಹೇಳುತ್ತಾ ಹೆಬ್ಬೆರಳಿನಿಂದ ಒಂದೊಂದು ಬೆರಳು ಮುಟ್ಟುವುದು. ನಾಲ್ಕು ಬೆರಳಿಗೆ ನಾಲ್ಕು. ಐದನೆಯದಕ್ಕೆ ಮುಷ್ಟಿ ಮಡಚುವುದು. ಮುಷ್ಟಿ ಮಡಚಿದ ಮೇಲೆಯೇ ಸಿರಿಂಜ್ ಎತ್ತಬೇಕು, ಹಿಂದೆ ಯಾರು ಕೂಗಿದರೂ ಸರಿ, ಅದಕ್ಕೆ ಮುಂಚೆ ಎತ್ತಬಾರದು ಎನ್ನುವುದು ನನ್ನ ಮಾತು.

ಕೈ ಎತ್ತಿ ತೋರುಬೆರಳು ಮುಟ್ಟಿದೆ. ಹಿಂದಿನ ಬೆಂಚಿನಿಂದ ನಗು. ಎರಡನೇ ಬೆರಳಿಗೆ ಇಡೀ ಕ್ಲಾಸೇ ನಕ್ಕಿತು.

"ಯಾಕ್ರೇ ನಗೋದು?"

ಸಬ್ರೀನ್ ಎಂಬ ಹುಡುಗಿ ಎದ್ದು ನಿಂತಳು. ನಗು ತಡೆಯಲಾಗದೆ ಬಾಯಿಗೆ ದುಪಟ್ಟಾ ಒತ್ತಿಕೊಂಡಿದ್ದಳು. "ಸಾರಿ ಮೇಡಂ. ನೀವು ಬಿಂದುಶ್ರೀ ಅಕ್ಕನ ಥರ ಮಾಡ್ತಿದ್ದೀರಾ ಅಂತ."

ವಿಡಿಯೊ ಇವರವರೆಗೂ ಬಂದಿದೆ.

ಬಿಂದುಶ್ರೀ ಮೊದಲ ವರ್ಷಕ್ಕೆ ಸೇರಿದಾಗ ಈ ಪಾಠ ನನ್ನದೇ ಆಗಿತ್ತು. ನಾನು ಮಾಡಿದ ಕೊನೆಯ ಬ್ಯಾಚು ಅವಳದು.

ಕೈ ಕೆಳಗಿಳಿಸಿ ಉಳಿದ ಪಾಠವನ್ನು ಬೋರ್ಡಿನ ಮೇಲೆ ಬರೆದು ಮುಗಿಸಿದೆ. ಒಂದರಿಂದ ಐದು ಅಂಕಿ ಹಾಕಿ ಬರೆದೆ. ಮಕ್ಕಳು ಬರೆದುಕೊಂಡವು.

ಜನವರಿ 26, ಭಾನುವಾರ

ಸ್ಕೂಲಿನಲ್ಲಿ ಧ್ವಜ ಹಾರಿಸಿದ ಮೇಲೆ ಸೊರಬದ ಬಸ್ ಹತ್ತಿದೆ. ಬಿಂದುಶ್ರೀ ಈಗ ಸೊರಬದಲ್ಲಿ ಪರಿಚಯದವರ ಮೆಡಿಕಲ್ ಶಾಪಿಗೆ ಕೆಲಸಕ್ಕೆ ಹೋಗುತ್ತಿದ್ದಾಳೆ ಎಂದು ರಾಜೇಶ್ವರಮ್ಮ ನಿನ್ನೆ ಫೋನಿನಲ್ಲಿ ಹೇಳಿದ್ದರು. ಶಿರಾಳಕೊಪ್ಪದವರೆಗೆ ನಿಂತೇ ಹೋದೆ. ಗುಡವಿಗೆ ಹಕ್ಕಿ ನೋಡಲು ಹೊರಟ ಶಾಲಾ ಮಕ್ಕಳಿಂದ ಬಸ್ ತುಂಬಿತ್ತು.

ಅಂಗಡಿಯ ಎದುರಿನ ಹಣ್ಣಿನ ಗಾಡಿಯ ಪಕ್ಕ ನಿಂತು ಸ್ವಲ್ಪ ಹೊತ್ತು ನೋಡಿದೆ. ಚೀಟಿ ಓದುತ್ತಾಳೆ, ಡ್ರಾಯರ್ ಎಳೆಯುತ್ತಾಳೆ, ಮಾತ್ರೆ ಕತ್ತರಿಸುತ್ತಾಳೆ, ಕೊಡುತ್ತಾಳೆ. ಸರಸರ. ತುಟಿ ಅಲುಗಲಿಲ್ಲ. ಬೆರಳು ಎಣಿಸಲಿಲ್ಲ. ನಾನು ವಾರ್ಡಿನಲ್ಲಿ ಬೇಕು ಬೇಕು ಎನ್ನುತ್ತಿದ್ದ ಚುರುಕು ಅದೇ. ನನಗೆ ಭಯವಾಯಿತು.

ನನ್ನನ್ನು ನೋಡಿ ಎದ್ದು ನಿಂತಳು. ಅಂಗಡಿಯವರಿಗೆ ಹೇಳಿ ಹೊರಗೆ ಬಂದಳು. ಪಕ್ಕದ ಮುಚ್ಚಿದ ಅಂಗಡಿಯ ಮೆಟ್ಟಿಲ ಹತ್ತಿರ ನಿಂತೆವು.

"ಟೀ ಕುಡೀತೀರಾ ಮೇಡಂ?"

"ಬೇಡ. ನಿನ್ನ ಕರ್ಕೊಂಡು ಹೋಗೋಕೆ ಬಂದೆ."

ಬಸ್ಸಿನಲ್ಲಿ ಯೋಚಿಸಿಕೊಂಡು ಬಂದದ್ದನ್ನು ಹೇಳಿದೆ. ನಾನು ಮಾಡಿದ್ದು ತಪ್ಪು, ಆ ಎಣಿಕೆ ನಾನೇ ಕಲಿಸಿದ್ದು, ಅದು ನನಗೇ ಗುರುತು ಸಿಗಲಿಲ್ಲ ಎಂದೆ. ಯೋಚಿಸಿಕೊಂಡಾಗ ಉದ್ದವಿತ್ತು, ಹೇಳುವಾಗ ಬೇಗ ಮುಗಿದುಹೋಯಿತು.

"ನೀವು ಚೆನ್ನಾಗಿ ಮಾಡಿದ್ರಿ ಮೇಡಂ" ಎಂದಳು. ಕೊಂಕು ಇರಲಿಲ್ಲ. "ಮೊದ್ಲು ನಾನೂ ನಕ್ಕೆ. ಯಾರಪ್ಪಾ ಈ ಪೆದ್ದು ಅಂತ. ಆಮೇಲೆ ನೋಡ್ತೀನಿ, ಎಲ್ಲಾ ನನ್ ಕಡೆ ತಿರುಗಿದಾರೆ."

ಅವಳು ತನ್ನ ಎಡಗೈ ಬೆರಳುಗಳನ್ನು ನೋಡಿಕೊಂಡಳು.

"ನಂಗೆ ಮರೆತು ಹೋಗ್ತದೆ ಮೇಡಂ, ಅದಕ್ಕೇ ಎಣಿಸ್ತಿದ್ದೆ. ಮುಷ್ಟಿ ಮಡಚೋ ತನಕ ಯಾರು ಕೂಗಿದ್ರೂ ಎತ್ತಬೇಡ ಅಂದಿದ್ರಿ. ನೀವೇ ಕೂಗಿದ್ರೆ ಏನ್ ಮಾಡ್ಬೇಕು ಅಂತ ಹೇಳಿರಲಿಲ್ಲ."

ಹೌದು, ಅದನ್ನು ನಾನು ಹೇಳಿರಲಿಲ್ಲ.

ವರ್ಷ ಹಾಳು ಮಾಡಿಕೊಳ್ಳಬೇಡ, ನಿನ್ನ ದೊಡ್ಡಪ್ಪನವರ ಜೊತೆ ಬೇಕಾದರೆ ನಾನು ಮಾತಾಡುತ್ತೇನೆ ಎಂದೆ. ತುಂಬ ಹೊತ್ತು ಚಪ್ಪಲಿ ನೋಡಿಕೊಂಡು ನಿಂತಿದ್ದಳು. ಏನಾದರೂ ಹೇಳಿ ಅವಳ ಬಾಯಿಂದ ಉತ್ತರ ಎಳೆಯೋಣ ಎನ್ನಿಸಿತು. ಆದರೆ ಹೇಳಲು ನನ್ನ ಹತ್ತಿರ ಮಾತು ಉಳಿದಿರಲಿಲ್ಲ, ಹಾಗಾಗಿ ನಿಂತುಕೊಂಡೆ.

"ಬರ್ತೀನಿ ಮೇಡಂ" ಎಂದಳು ಕೊನೆಗೆ. "ಆದ್ರೆ ನನ್ ವಾರ್ಡಿಗೆ ನೀವು ಬರ್ಬಾರ್ದು. ಬೇಜಾರ್ ಮಾಡ್ಕೋಬೇಡಿ."

ಆಗಲಿ ಎಂದೆ. ಬಸ್ ಸಿಗುವವರೆಗೆ ಜೊತೆಗೆ ನಿಲ್ಲುತ್ತೇನೆಂದಳು. ಬೇಡ, ಗಿರಾಕಿ ಬಂದಿದ್ದಾರೆ, ಹೋಗು ಎಂದು ಕಳಿಸಿದೆ.

ಜನವರಿ 28, ಮಂಗಳವಾರ

ಸರ್ ಹತ್ತಿರ ಮಾತಾಡಿ ಬಿಂದುಶ್ರೀಯ ವಾರ್ಡಿಗೆ ನೀಲಾಂಬಿಕರನ್ನು ಹಾಕಿಸಿದೆ. ನಾನು ಹೆರಿಗೆ ವಾರ್ಡಿಗೆ. ಮೂರನೇ ವರ್ಷದವರ ಕ್ಲಾಸಿಗೂ ಮೊದಲ ವರ್ಷದವರ ಕ್ಲಾಸಿಗೂ ಹೋಗಿ ಆ ಎಣಿಕೆ ನನ್ನದು, ನಗುವುದಿದ್ದರೆ ನನ್ನನ್ನು ನೋಡಿ ನಗಿ ಎಂದೆ. ಯಾರೂ ನಗಲಿಲ್ಲ. ಅರ್ಥವಾಯಿತೋ, ಹೆದರಿದರೋ ತಿಳಿಯಲಿಲ್ಲ.

ಇವರ ತಮ್ಮ ಅಸ್ಲಂ ಊಟಕ್ಕೆ ಬಂದಿದ್ದ. "ಭಾಭಿ, ಆ ಬಾಡಿಗೆ ಮನೆ ಓನರ್‌ನ ಒಂದ್ಸಲ ಮಾಡಿ ತೋರಿಸಿ" ಎಂದು ಗಂಟು ಬಿದ್ದ. ಗಂಟಲು ಸರಿಯಿಲ್ಲ ಎಂದೆ. ನಿಜವಾಗಿಯೂ ಸರಿ ಇರಲಿಲ್ಲ, ಧೂಳು.

ಫೆಬ್ರವರಿ 1, ಶನಿವಾರ

ಮೂರನೇ ಸಿಮ್ಯುಲೇಷನ್. ನನಗೆ ಮತ್ತೆ ಸ್ಟೂಡೆಂಟ್ ಪಾತ್ರ ಬಂತು, ಟೀಚರ್ ನೀಲಾಂಬಿಕ. ಎಲ್ಲರೂ ಕುರ್ಚಿ ಎಳೆದುಕೊಂಡು ಮುಂದೆ ಬಂದು ಕೂತರು.

ಟ್ರೇ ಹಿಡಿದು ಬಂದು ನಿಂತೆ. ಎಡಗೈ ಎತ್ತಿ ಎಣಿಸಿದೆ, ನಾನು ಕಲಿಸುವ ಹಾಗೆಯೇ. ನೀಲಾಂಬಿಕ ಕೈ ಕಟ್ಟಿಕೊಂಡು ನಿಂತಿದ್ದರು. ಮೂರನೇ ಬೆರಳಿಗೆ ಅವರು ಉಸಿರು ಬಿಟ್ಟದ್ದು ಕೇಳಿ ನನಗೆ ಲೆಕ್ಕ ತಪ್ಪಿತು. ನಿಜವಾಗಿಯೇ ತಪ್ಪಿತು. ಮೊದಲಿನಿಂದ ಶುರು ಮಾಡಿದೆ. ಮುಷ್ಟಿ ಮಡಚಿ ದಿಂಬಿಗೆ ಚುಚ್ಚಿದೆ.

"ಇವತ್ತು ಸಪ್ಪೆ ಆಯ್ತಲ್ರೀ ಹಮೀದಾ ಮೇಡಂ" ಎಂದರು ಯತೀಶ್. "ಹೋದ್ಸಲ ಎಷ್ಟು ಚಂದ ಮಾಡಿದ್ರಿ."

ಅಭ್ಯಾಸ ತಪ್ಪಿದೆ ಎಂದೆ.

ಫೆಬ್ರವರಿ 6, ಗುರುವಾರ

ಬಿಂದುಶ್ರೀ ಸೋಮವಾರದಿಂದ ಬರುತ್ತಿದ್ದಾಳೆ. ರಜೆ ಇಲ್ಲದೆ ಬಂದರೆ ಗಂಟೆಗಳು ತುಂಬುತ್ತವೆ, ಪರೀಕ್ಷೆಗೆ ತೊಂದರೆಯಿಲ್ಲ.

ಹೆರಿಗೆ ವಾರ್ಡಿನಿಂದ ಔಷಧಿ ತರಲು ಹೋಗುವ ದಾರಿ ಅವಳ ವಾರ್ಡಿನ ಬಾಗಿಲ ಮುಂದೆಯೇ ಹಾದುಹೋಗುತ್ತದೆ. ಇವತ್ತು ಬಾಗಿಲು ತೆರೆದಿತ್ತು. ಅವಳು ಟ್ರೇ ಇಟ್ಟುಕೊಂಡು ಒಬ್ಬ ರೋಗಿಯ ಮುಂದೆ ನಿಂತಿದ್ದಳು, ನನಗೆ ಬೆನ್ನು ಕೊಟ್ಟು. ನೀಲಾಂಬಿಕ ದೂರದಲ್ಲಿ ಕೈ ಕಟ್ಟಿಕೊಂಡಿದ್ದರು. ಬಿಂದುಶ್ರೀಯ ಎಡಗೈ ಏಪ್ರನ್ ಜೇಬಿನಲ್ಲಿತ್ತು. ಜೇಬಿನ ಬಟ್ಟೆ ಅಲುಗಿತು. ನಿಂತಿತು. ಮತ್ತೆ ಅಲುಗಿತು. ಕೊನೆಗೆ ಒಳಗೆ ಮುಷ್ಟಿ ಉಬ್ಬಿದ್ದು ಕಾಣಿಸಿತು. ಆಮೇಲೆ ಕೈ ಹೊರಗೆ ತೆಗೆದು ಸಿರಿಂಜ್ ಎತ್ತಿಕೊಂಡಳು.

ನಾನು ಬಾಗಿಲು ದಾಟಿ ಮುಂದೆ ಹೋದೆ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚುತ್ತಾ ನೀಲಾಂಬಿಕ ಹೇಳಿದರು: "ಹುಡುಗಿ ಚೆನ್ನಾಗಿ ಮಾಡ್ತಿದಾಳೆ ಮೇಡಂ. ಒಂದೂ ತಪ್ಪಿಲ್ಲ. ಆದ್ರೆ ಕೈ ತೊಳ್ಕೊಂಡು ಬಂದು ಅದೇ ಕೈನ ಜೇಬಿಗೆ ಹಾಕ್ತಾಳೆ. ಎಲ್ಲಿಂದ ಕಲಿತಳೋ. ನೀವು ಅವರಿಗೆ ಹಂಗೆ ಕಲಿಸಿರಲ್ಲ."

ತೊಳೆದ ಕೈ ಜೇಬಿಗೆ ಹೋಗಬಾರದು. ಜೇಬಿನಲ್ಲಿ ಪೆನ್ನು, ಕರವಸ್ತ್ರ, ಫೋನು, ಎಲ್ಲದರ ಕೊಳೆ ಇರುತ್ತದೆ. ಮೊದಲ ವರ್ಷದ ಮೊದಲ ಪಾಠವೇ ಅದು, ಅದನ್ನೂ ನಾನೇ ಮಾಡುವುದು.

"ನಾನು ಕಲಿಸಿದ್ದೇ" ಎಂದೆ.

ನೀಲಾಂಬಿಕ ನನ್ನ ಮುಖ ನೋಡಿದರು. ಜೇಬಿನೊಳಗೆ ಏನು ನಡೆಯುತ್ತದೆ ಎಂದು ಹೇಳಿದೆ. ಅವರು ಬುತ್ತಿಯ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು ಕೂತರು.

"ತಿದ್ದಬೇಕಲ್ಲ ಮೇಡಂ" ಎಂದರು ಆಮೇಲೆ. "ಕೈ ಹೊರಗಿಟ್ಟು ಎಣಿಸು ಅಂತ ನೀವೇ ಒಂದ್ಮಾತು ಹೇಳಿದ್ರೆ ಕೇಳ್ತಾಳೆ."

ನಾನು ಅವಳ ವಾರ್ಡಿಗೆ ಹೋಗುವಂತಿಲ್ಲ. ಒಪ್ಪಿಕೊಂಡು ಬಂದಿದ್ದೇನೆ. ನೀವೇ ಹೇಳಿ, ಹೇಳುವಾಗ ಸುತ್ತ ಯಾರೂ ಇರದಂತೆ ನೋಡಿಕೊಳ್ಳಿ ಎಂದೆ. ಆಗಲಿ ಎಂದರು.

ನಾಳೆಯೂ ಔಷಧಿ ತರಲು ಹೋಗಬೇಕು. ಹಿಂದಿನ ಅಂಗಳದಿಂದ ಸುತ್ತಿಕೊಂಡು ಹೋಗುವ ಇನ್ನೊಂದು ದಾರಿ ಇದೆ. ಸ್ವಲ್ಪ ತಡವಾಗುತ್ತದೆ. ಆಗಲಿ.